ಓರಗಿತ್ತಿಯ ಚಿನ್ನದ ಹಲ್ಲು

ಮೊನ್ನೆ ಮಂಡ್ಯದಲ್ಲಿ ಹಲ್ಲಿನ ಡಾಕ್ಟರ ಬಾಗಿಲು ತಳ್ಳಿದೊಡನೆ ಲವಂಗದೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಈ ವಾಸನೆಗೆ ಬೇರೆಯವರಿಗೆ ಹಲ್ಲುನೋವು ನೆನಪಾಗುತ್ತದೆಯೋ ಏನೋ, ನನಗೆ ಹೊಟ್ಟೆಕಿಚ್ಚು ನೆನಪಾಗುತ್ತದೆ. ನಗಬೇಡಿ. ನಲವತ್ತು ವರ್ಷದ ಹಿಂದಿನ ಕಿಚ್ಚು. ಕೆದಕಿದರೆ ಇನ್ನೂ ಕೆಂಡ ಸಿಗುತ್ತದೆ.

ಆಗ ಎರಡನೇ ಮಹಾಯುದ್ಧದ ಕಾಲ. ನಾನು ಮದ್ದೂರಿನ ಹತ್ತಿರದ ಕೊಪ್ಪದ ಒಂದು ತುಂಬಿದ ಮನೆಯ ಕಿರಿಯ ಸೊಸೆ. ಹಿರಿಯ ಸೊಸೆ, ಅಂದರೆ ನನ್ನ ಓರಗಿತ್ತಿ, ಪುಟ್ಟತಾಯಮ್ಮ. ಮನೆ ಒಡೆಯದಂತೆ ಕಾಯಲು ನಮ್ಮತ್ತೆ ಒಂದೇ ಕಟ್ಟಳೆ ಇಟ್ಟುಕೊಂಡಿದ್ದರು: ಒಬ್ಬ ಸೊಸೆಗೆ ತಂದದ್ದನ್ನು ಇನ್ನೊಬ್ಬಳಿಗೂ ತರಬೇಕು. ಸೀರೆಯಾದರೆ ಅದೇ ಅಂಚು, ಬಳೆಯಾದರೆ ಅಷ್ಟೇ ಡಜನ್ನು. ಪುಟ್ಟತಾಯಮ್ಮನಿಗೆ ಜ್ವರ ಬಂದಾಗ ತಂದ ಬ್ರೆಡ್ಡಿನಲ್ಲೂ ನನಗೆ ಅರ್ಧ ಸಿಕ್ಕಿತ್ತು. ಜ್ವರವಿಲ್ಲದೆ ತಿಂದರೆ ಬ್ರೆಡ್ಡು ಬಹಳ ರುಚಿ.

ಅಂಥ ಮನೆಯಲ್ಲಿ ಪುಟ್ಟತಾಯಮ್ಮನ ಮುಂದಿನ ಹಲ್ಲು ಹುಳುಕಾಯಿತು. ಯಾರ ಹತ್ತಿರ ಹೋಗುವುದೆಂದು ಜಗಲಿಯ ಮೇಲೆ ಪಂಚಾಯಿತಿ ನಡೆಯಿತು. ಮದ್ದೂರು ಸಂತೆಯಲ್ಲಿ ಒಬ್ಬ ತಾನು ಕಿತ್ತ ಹಲ್ಲುಗಳನ್ನೆಲ್ಲ ಬಟ್ಟೆಯ ಮೇಲೆ ಗುಡ್ಡೆ ಹಾಕಿಕೊಂಡು ಕೂರುತ್ತಿದ್ದ. ನಮ್ಮ ಮಾವನವರ ಓಟು ಅವನಿಗೆ. "ಆ ಗುಡ್ಡೆ ನೋಡಿದ್ದೀಯೇನಮ್ಮಿ? ಅಷ್ಟು ಜನ ನಂಬವ್ರೆ ಕಣೆ" ಎಂದರು.

ಅತ್ತೆ ಒಪ್ಪಲಿಲ್ಲ. "ಕಿತ್ತಿರಾದು ಕಾಣ್ತದೆ. ಉಳ್ಸಿರಾದು ಒಂದಾದ್ರೂ ಅದಾ?"

ಮಳವಳ್ಳಿಯ ನಾಟಿ ವೈದ್ಯರ ಬೇರು, ಕಷಾಯ ಎರಡು ವಾರ ನಡೆದವು. ಹಲ್ಲು ತಾನಾಗಿಯೇ ಉದುರಿತು. ಕೊನೆಗೆ, ವಾರಕ್ಕೊಮ್ಮೆ ಮೈಸೂರಿನಿಂದ ಬಂದು ಮಂಡ್ಯದ ಒಂದು ಮಹಡಿಯಲ್ಲಿ ಕೂರುತ್ತಿದ್ದ ಡಾಕ್ಟರೇ ಆಗಬೇಕೆಂದು ತೀರ್ಮಾನವಾಯಿತು. ದುಬಾರಿಯವರು. ಆದರೆ ಉಳಿದವರು ಕೀಳುತ್ತಿದ್ದರು, ಇವರು ಕಟ್ಟುತ್ತಿದ್ದರು. ಅತ್ತೆ ತಾವೇ ಜೊತೆಗೆ ಹೋದರು. ಆ ಸಲದ ಆಲೆಮನೆಯ ಬೆಲ್ಲದ ದುಡ್ಡು ಪೂರಾ ಹೋಯಿತು, ಪುಟ್ಟತಾಯಮ್ಮನ ಬಾಯಿಗೆ ಚಿನ್ನದ ಹಲ್ಲು ಬಂತು.

ಆಮೇಲೆ ಅವಳು ಬಾಯಿ ಮುಚ್ಚಿದ್ದನ್ನು ನಾನು ಕಾಣೆ. ಸಾವಿನ ಮನೆಗೆ ಹೋಗಿ ಸಮಾಧಾನ ಹೇಳುವಾಗಲೂ ತುಟಿ ಒಂದು ಕಡೆಗೆ ಜಾರುತ್ತಿತ್ತು. ಬಾವಿಕಟ್ಟೆಯಲ್ಲಿ ಹೆಂಗಸರು "ಎಲ್ಲಿ, ಇನ್ನೊಂದ್ಸಲ ನಗವ್ವ" ಎಂದರೆ ನಗುವಳು. ನನ್ನವು ಕಲ್ಲಿನಂಥ ಹಲ್ಲುಗಳು. ಕಬ್ಬಿನ ಜಲ್ಲೆಯನ್ನು ಬುಡದಿಂದ ಸಿಗಿಯುತ್ತಿದ್ದೆ. ನನಗೆ ಯಾರೂ ನಗು ಎನ್ನಲಿಲ್ಲ. ಅವಳನ್ನು ಕಂಡರೆ ಮೈ ಉರಿಯುತ್ತಿತ್ತು, ಊಟ ಸೇರುತ್ತಿರಲಿಲ್ಲ. ದೇವರು ನನಗೊಂದು ಹುಳುಕು ಹಲ್ಲನ್ನೂ ಕೊಡಲಿಲ್ಲವಲ್ಲ ಎಂದು ಹಿತ್ತಿಲಲ್ಲಿ ಕೂತು ಅತ್ತಿದ್ದೇನೆ.

ಹದಿನೈದು ದಿನಕ್ಕೆ ನನಗೂ ಹಲ್ಲುನೋವು ಬಂತು. ಕೆನ್ನೆ ಊದಿದಂತೆ ಕಾಣಲೆಂದು ಒಳಗೆ ಒಂದಿಡೀ ಅಡಿಕೆ ಇಟ್ಟುಕೊಂಡು, ಮೇಲೆ ಬಟ್ಟೆ ಕಟ್ಟಿ ಮಲಗಿದೆ. ಅತ್ತೆ ಬಂದು "ಯಾವ ಅಲ್ಲು?" ಎಂದರು. ಬೆರಳಿಟ್ಟು ತೋರಿಸಿದೆ. ಸಂಜೆ ಮತ್ತೆ ಕೇಳಿದಾಗ ಮರೆತು ಇನ್ನೊಂದನ್ನು ತೋರಿಸಿದೆ. ಅತ್ತೆ ತಾವು ಸಾಕಿದ್ದ ಎರಡು ಮೇಕೆಗಳನ್ನು ಸಂತೆಗೆ ಹೊಡೆಸಿದರು; ಮುಂದಿನ ವಾರ ಮದ್ದೂರಿನಲ್ಲಿ ನನ್ನನ್ನು ಮಂಡ್ಯದ ರೈಲು ಹತ್ತಿಸಿ ತಾವೂ ಹತ್ತಿದರು.

ಡಾಕ್ಟರು ಒಂದೊಂದೇ ಹಲ್ಲನ್ನು ತಟ್ಟಿ ನೋಡಿ, "ಇವರಿಗೆ ಯಾವ ಹುಳುಕೂ ಇಲ್ಲವಲ್ಲ" ಎಂದರು.

ಅತ್ತೆಯೇ ಬಾಯಿ ಹಾಕಿದರು. "ಕಟ್ಬುಡಿ ಸ್ವಾಮಿ. ಒಬ್ಬಳಿಗಾಕಿ ಒಬ್ಬಳಿಗೆ ಬುಟ್ರೆ ನಮ್ಮನೆ ಒಡೆದೋಯ್ತದೆ."

ಗಟ್ಟಿಯಾಗಿದ್ದ ಮುಂದಿನ ಹಲ್ಲನ್ನು ಮುಟ್ಟಲು ಡಾಕ್ಟರು ಒಪ್ಪಲಿಲ್ಲ; ಹಿಂದಿನದೊಂದನ್ನು ಉಜ್ಜಿ ಚಿನ್ನದ ಕವಚ ಹಾಕುತ್ತೇನೆಂದರು. ನನ್ನ ಬಾಯಿಗೆ ಹತ್ತಿ ತುರುಕಿ, ಅರವನ್ನು ಕೈಗೆತ್ತಿಕೊಂಡು, ಅತ್ತೆಯ ಕಡೆ ತಿರುಗಿದರು. "ಅಮ್ಮಾ, ಹೋದ ಸಲ ನಿಮ್ಮ ಬಾಯಿಯ ಅಚ್ಚು ತೆಗೆದಿಟ್ಟಿದ್ದೆನಲ್ಲ. ಮೇಕೆ ಮಾರಿ ಬಂದು ಹಲ್ಲಿನ ಸೆಟ್ಟು ಕಟ್ಟಿಸ್ಕೋತೀನಿ ಅಂದಿದ್ರಿ?"

ನಮ್ಮತ್ತೆಗೆ ಆರೇಳು ವರ್ಷದಿಂದ ಒಂದು ಹಲ್ಲೂ ಇರಲಿಲ್ಲ. ನಾವು ಅದನ್ನು ಗಮನಿಸಿಯೇ ಇರಲಿಲ್ಲ. ನಮ್ಮ ಕಡೆ ಮುದ್ದೆಯನ್ನು ಅಗಿಯುವವರು ಯಾರಿದ್ದಾರೆ?

"ಮುದ್ದೆ ನುಂಗಾಕೆ ಅಲ್ಲು ಯಾಕೆ ಸ್ವಾಮಿ, ಬುಡಿ" ಎಂದು ಅತ್ತೆ ನಕ್ಕರು.

ಬಾಯಲ್ಲಿ ಹತ್ತಿಯಿತ್ತು, ಬೇಡವೆನ್ನಲು ಆಗಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಕೈಗಳು ಖಾಲಿಯಿದ್ದವು. ಡಾಕ್ಟರ ಕೈ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಆಗ ನನ್ನ ಕಣ್ಣ ಮುಂದಿದ್ದದ್ದು ಅತ್ತೆಯ ಮುಖವಲ್ಲ, ಬಾವಿಕಟ್ಟೆಯಲ್ಲಿ ನಗುತ್ತಿದ್ದ ಪುಟ್ಟತಾಯಮ್ಮನ ಮುಖ.

ಹಲ್ಲು ಬಂದ ಮೇಲೆ ಸುಖವಾಯಿತೇ ಎನ್ನುತ್ತೀರಾ? ಅವಳದು ನಕ್ಕರೆ ಕಾಣುತ್ತಿತ್ತು, ನನ್ನದು ಆಕಳಿಸಿದರೆ ಮಾತ್ರ. ಬಾವಿಕಟ್ಟೆಯಲ್ಲಿ ನಿಂತು ನಾನು ಆಕಳಿಸಿದ್ದೇ ಆಕಳಿಸಿದ್ದು, "ರಾತ್ರೆ ನಿದ್ದೆ ಮಾಡಾಕಿಲ್ವೇನೆ?" ಎಂದು ಪುಟ್ಟತಾಯಮ್ಮನೇ ಕೇಳಿದಳು. ಹೊಟ್ಟೆಕಿಚ್ಚು ಗುಲಗಂಜಿಯಷ್ಟೂ ಇಳಿಯಲಿಲ್ಲ. ಆ ವರ್ಷ ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಊಟದಲ್ಲಿ, ಅತ್ತೆ ಬಾಡಿನ ತುಂಡುಗಳನ್ನು ನಮ್ಮಿಬ್ಬರ ತಟ್ಟೆಗೂ ಸಮನಾಗಿ ಹಂಚಿ ತಾವು ಬರೀ ಎಸರು ಕುಡಿದರು. ನಾನು ಅವಳ ತಟ್ಟೆಯನ್ನು ನೋಡುತ್ತಿದ್ದೆ, ನನ್ನದರಲ್ಲಿ ಮೂಳೆ ಜಾಸ್ತಿ ಬಂತೆಂದು. ಅತ್ತೆ ಮತ್ತೆ ಮೇಕೆ ಸಾಕಲಿಲ್ಲ. ಸ್ವಾತಂತ್ರ್ಯ ಬಂದ ವರ್ಷ ಬೊಚ್ಚುಬಾಯಲ್ಲೇ ಹೋದರು.

ಈಗಿನ ಡಾಕ್ಟರು ಇನ್ನೂ ಎಳೆಯ ಪ್ರಾಯದವನು. ಬಾಯೊಳಗೆ ದೀಪ ಬಿಟ್ಟು, "ಅಜ್ಜಿ, ಈ ಚಿನ್ನದ ಹಲ್ಲು ಯಾಕೆ ಹಾಕ್ಸಿದ್ರಿ? ಹುಳುಕಾಗಿತ್ತಾ?" ಎಂದು ಕೇಳಿದ. ಇಷ್ಟು ವರ್ಷ ಯಾರು ಕೇಳಿದರೂ ಹೂಂ ಎಂದಿದ್ದೇನೆ. ನನ್ನ ಗಂಡನಿಗೂ ಅದನ್ನೇ ಹೇಳಿದ್ದೆ. ಮೊನ್ನೆ ಈ ಡಾಕ್ಟರ ಕೈ ಹಿಡಿದು ಪಕ್ಕಕ್ಕೆ ಸರಿಸಿದೆ.

"ಇಲ್ಲ ಕಣಪ್ಪ, ಗಟ್ಟಿಯಾಗಿತ್ತು. ಈ ಅಲ್ಲು ನನ್ನದಲ್ಲ, ನಮ್ಮತ್ತೆದು" ಎಂದೆ.