ಕ್ಲಚ್ ಇಲ್ಲದ ಗಾಡಿ

ಕಳೆದ ಭಾನುವಾರ ನಮ್ಮಣ್ಣ ಕಾರ್ ರೇಸಿನಲ್ಲಿ ಕಟ್ಟಕಡೆಗೆ ಬಂದ. ಉಳಿದ ಕಾರುಗಳೆಲ್ಲ ಗೆರೆ ದಾಟಿ ಎಷ್ಟೋ ಹೊತ್ತಾದ ಮೇಲೆ ಇವನದು ನಿಧಾನಕ್ಕೆ ಬಂದು ನಿಂತಿತು. ಮನೆಯವರೆಲ್ಲ ಖುಷಿಪಟ್ಟೆವು.

ರೇಸ್ ನಡೆದದ್ದು ಚಿತ್ತವಾಡ್ಗಿಯ ಅವನ ಮನೆಯ ನಡುಮನೆಯಲ್ಲಿ, ಕಂಪ್ಯೂಟರ್ ಮೇಲೆ. (ಅಣ್ಣನಿಗೆ ಐವತ್ತು ದಾಟಿದೆ. ನಗಬೇಡಿ.)

ಅಣ್ಣ ಬಸವರಾಜ ಅರ್ಧ ಆಯುಷ್ಯ ಲಾರಿ ಓಡಿಸಿದವನು. ಸಂಡೂರಿನ ಗಣಿಯಲ್ಲಿ ಅದಿರು ತುಂಬಿಕೊಂಡು ಬಂದು ಹೊಸಪೇಟೆಯ ರೈಲ್ವೆ ಯಾರ್ಡಿನಲ್ಲಿ ಸುರಿಯುವ ಕೆಲಸ. ಹೋದ ವರ್ಷ ಘಾಟಿನ ಇಳಿಜಾರಿನಲ್ಲಿ ಲಾರಿ ಬಂಡೆಗೆ ಬಡಿಯಿತು. ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. 'ಡ್ರೈವರ್ ನಿದ್ದೆ ಹೊಡೆದ' ಎಂದು ಲಾರಿ ಮಾಲೀಕ ಊರೆಲ್ಲ ಹೇಳಿಕೊಂಡು ಬಂದ. ಅಣ್ಣ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಗೋಡೆ ನೋಡುತ್ತ ಕೂತುಬಿಟ್ಟ. ಊಟಕ್ಕೆ ಕರೆದರೆ ಊಟ, ಸ್ನಾನಕ್ಕೆ ಕರೆದರೆ ಸ್ನಾನ. ಮಾತು ಮಾತ್ರ ಇಲ್ಲ.

ಒಂದು ದಿನ ಅವನ ಮಗಳು ಕವಿತಾ ನಮ್ಮ ಮನೆಗೆ ಬಂದಳು. ಪಾಲಿಟೆಕ್ನಿಕ್‌ನಲ್ಲಿ ಓದುತ್ತಾಳೆ.

"ಚಿಗಪ್ಪಾ, ನಿಮ್ ಹಳೇ ಕಂಪ್ಯೂಟರ್ ನನಗ ಕೊಡ್ರಿ. ಅಪ್ಪಗ ಗಾಡಿ ಹೊಡಿಯೋ ಗೇಮ್ ಹಾಕಿ ಕೊಡ್ತೀನಿ."

ಈ ಅಂಕಣವನ್ನು ಟೈಪ್ ಮಾಡುವುದು ಬಿಟ್ಟರೆ ಆ ಕಂಪ್ಯೂಟರ್‌ಗೆ ಬೇರೆ ಕೆಲಸವಿರಲಿಲ್ಲ. ಕೊಟ್ಟೆ. (ನಾನು ಮತ್ತೆ ಪೆನ್ನಿಗೆ ಬಂದಿದ್ದೇನೆ. ನನ್ನ ಅಕ್ಷರ ನೋಡಿ ಪತ್ರಿಕೆಯವರು ಗೊಣಗುತ್ತಿದ್ದಾರೆ.)

ಕೊಟ್ಟ ಮೇಲೆ ಗೊತ್ತಾಯಿತು, ಅದರಲ್ಲಿ ಗೇಮ್ ಓಡುವುದೇ ಇಲ್ಲ. ಮದರ್‌ಬೋರ್ಡ್ ಹಳೆಯದು, ಪ್ರೊಸೆಸರ್ ಹಳೆಯದು, ಸಿಡಿ ಹಾಕಲು ಡ್ರೈವ್ ಇಲ್ಲ, ಸೌಂಡ್ ಕಾರ್ಡ್ ಇಲ್ಲ.

"ಏನು ಉಳಿತೈತಿ ಹಂಗಾರ?" ಎಂದೆ.

"ಡಬ್ಬಿ, ಮಾನಿಟರ್, ಕೀಬೋರ್ಡ್," ಎಂದಳು.

ಪುಣ್ಯಕ್ಕೆ ಬುಕ್ಕಸಾಗರದ ಅಣ್ಣನ ಗದ್ದೆಯಲ್ಲಿ ಎರಡನೇ ಬೆಳೆ ಚೆನ್ನಾಗಿ ಬಂದಿತ್ತು. ಅತ್ತಿಗೆ ಭತ್ತ ಮಾರಿದ್ದರಲ್ಲಿ ಸ್ವಲ್ಪ ತೆಗೆದುಕೊಟ್ಟರು. ಬೆಂಗಳೂರಿಗೆ ಹೊರಟಿದ್ದ ಕಂಪ್ಯೂಟರ್ ಅಂಗಡಿಯವರಿಗೆ ಹೇಳಿ, ಯಾರೋ ಬಳಸಿ ಬಿಟ್ಟ ಬೋರ್ಡು, ಪ್ರೊಸೆಸರ್, ಉಳಿದದ್ದೆಲ್ಲ ತರಿಸಿದೆವು. ಗೇಮಿನ ಚಿತ್ರ ಚೆಂದ ಕಾಣಲಿ ಎಂದು ಒಂದು ಗ್ರಾಫಿಕ್ಸ್ ಕಾರ್ಡ್ ಕೂಡ ಬಂತು. ಎಲ್ಲವನ್ನೂ ಜೋಡಿಸಿದ್ದು ಕವಿತಾ. ನಾನು ಸ್ಕ್ರೂ ಹಿಡಿದುಕೊಂಡು ಕೂತಿದ್ದೆ.

ಗೇಮ್ ಓಡಿತು. ಗುಡ್ಡ, ಗಿಡ, ಆಕಾಶ, ಎಲ್ಲ ಮಸ್ತಾಗಿತ್ತು. ಅಣ್ಣನನ್ನು ಕರೆತಂದು ಕೂರಿಸಿ, ಯಾವ ಗುಂಡಿ ಒತ್ತಿದರೆ ಕಾರು ಎಡಕ್ಕೆ, ಯಾವುದು ಒತ್ತಿದರೆ ಬಲಕ್ಕೆ ಎಂದು ಕವಿತಾ ತೋರಿಸಿದಳು. ಅಣ್ಣ ಕೀಬೋರ್ಡ್ ಮುಟ್ಟಲೂ ಇಲ್ಲ.

"ಗುಂಡಿ ಒತ್ತಿ ಯಾರ್ ಗಾಡಿ ಹೊಡಿತಾರ? ನನಗ ಬ್ಯಾಡ," ಎಂದು ಎದ್ದು ಹೋದ.

ನಾನಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದೆ. ಕವಿತಾ ಬಿಡಲಿಲ್ಲ. ಮರುದಿನ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಅಂಗಡಿಗೆ ವಾಪಸ್ ಕೊಟ್ಟು, ಅದರ ಬದಲಿಗೆ ಸ್ಟೀರಿಂಗ್ ತರಿಸಿಕೊಂಡಳು. ಮೇಜಿಗೆ ಬಿಗಿಯುವ ಪ್ಲಾಸ್ಟಿಕ್ ಸ್ಟೀರಿಂಗ್. ಅದರ ಜೊತೆ ನೆಲಕ್ಕಿಡುವ ಎರಡು ಪೆಡಲ್. ಕಾರ್ಡ್, ಸ್ಟೀರಿಂಗ್ ಎರಡೂ ಬೇಕೆಂದರೆ ನಮ್ಮ ಕೈಗೆ ಎಟುಕುತ್ತಿರಲಿಲ್ಲ. ಈಗ ಗೇಮಿನ ಗಿಡಗಳೆಲ್ಲ ರಟ್ಟಿನ ಡಬ್ಬಿಗಳಂತೆ ಕಂಡವು.

ಭಾನುವಾರ ಬೆಳಿಗ್ಗೆ ಅಣ್ಣ ಬಂದು ಸ್ಟೀರಿಂಗ್ ಮೇಲೆ ಕೈಯಿಟ್ಟ. ಪೆಡಲ್‌ಗಳನ್ನು ಊರುಗೋಲಿನಿಂದ ಎಡಕ್ಕೆ ಸರಿಸಿಕೊಂಡ.

"ಕ್ಲಚ್ ಎಲ್ಲೈತಿ?"

"ಇದಕ್ಕ ಕ್ಲಚ್ ಇಲ್ಲಪ್ಪಾ. ಒಂದು ಕಾಲು ಸಾಕು."

ಕವಿತಾ ಹಾಗೆಂದು ನಾಲಿಗೆ ಕಚ್ಚಿಕೊಂಡಳು. ಅಣ್ಣ ಒಂದು ಕ್ಷಣ ಅವಳನ್ನು ನೋಡಿದ. ಆಮೇಲೆ ಎಡಗಾಲನ್ನು ಪೆಡಲ್ ಮೇಲಿಟ್ಟ.

"ಗಿಡ ಚಂದ ಕಾಣಂಗಿಲ್ಲ ಅಪ್ಪಾ."

"ಗಿಡ ಹೆಂಗರ ಕಾಣ್ಲಿ. ರೋಡ್ ಕಾಣ್ತೈತಿ."

ಹೊರಟ. ಮೊದಮೊದಲು ಚೆನ್ನಾಗಿಯೇ ಇತ್ತು. ಆಮೇಲೆ ಇಳಿಜಾರು ಬಂತು, ಕೊನೆಗೊಂದು ತಿರುವು. ಎಡಗಾಲು ಬ್ರೇಕ್ ಹುಡುಕುವಷ್ಟರಲ್ಲಿ ಕಾರು ಗೋಡೆಗೆ ಬಡಿದು ಉರುಳಿತು. ಪರದೆ ಅಲ್ಲೇ ನಿಂತಿತು.

ಎಂಥ ಆಟ ತಂದಿಟ್ಟೆವಪ್ಪಾ ಎಂದುಕೊಂಡೆ. ಕವಿತಾ ಸ್ವಿಚ್ಚಿನತ್ತ ಕೈ ಚಾಚಿದಳು.

"ನಾನು ನಿದ್ದಿ ಮಾಡಿರ್ಲಿಲ್ಲ," ಎಂದ ಅಣ್ಣ.

ಕಣ್ಣು ಪರದೆಯ ಮೇಲೇ ಇತ್ತು. ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ.

"ಬ್ರೇಕ್ ಹಿಡಿಲಿಲ್ಲ. ಮುಂದ ಕೂಲಿಯೋರ್ ತುಂಬಿದ್ದ ಟ್ರ್ಯಾಕ್ಟರ್ ಇತ್ತು. ಅದಕ್ಕ ಗುದ್ದೋದಾ, ಬಂಡೆಗೆ ಗುದ್ದೋದಾ? ಬಂಡೆಗೆ ತಿರುವಿದೆ."

ಅತ್ತಿಗೆ ಚಹಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ನೀವು ನಿದ್ದಿ ಮಾಡೋರಲ್ಲ ಅಂತ ನನಗ ಗೊತ್ತೈತ್ರಿ," ಎಂದರು.

"ಮತ್ತ ಯಾಕ ಕೇಳ್ಲಿಲ್ಲ?"

"ನೀವು ಹೇಳ್ತೀರಂತ ಕಾದೆ."

ಚಹಾ ಕುಡಿದ. ಲೋಟ ಕೆಳಗಿಟ್ಟು, "ಇದು ಮತ್ತ ಶುರು ಆಗ್ತೈತೇನಲೇ?" ಎಂದು ಮಗಳನ್ನು ಕೇಳಿದ.

ಆಗುತ್ತದೆ. ಕಂಪ್ಯೂಟರಿನಲ್ಲಿ ಆಗುತ್ತದೆ.

ಎರಡನೇ ಸಲ ಇಳಿಜಾರಿಗೆ ಬಹಳ ಮುಂಚೆಯೇ ವೇಗ ಇಳಿಸಿದ. ಒಂದೊಂದೇ ಕಾರು ಪಕ್ಕದಲ್ಲಿ ಹಾದು ಮುಂದೆ ಹೋಯಿತು. ಅಣ್ಣ ಎಲ್ಲದಕ್ಕೂ ಸೈಡ್ ಕೊಟ್ಟ. "ಜಲ್ದಿ ಹೋಗಪ್ಪಾ" ಎಂದು ಕವಿತಾ ಅವಸರ ಮಾಡಿದರೆ, "ಹಂಗ ಹೊಡಿಬಾರ್ದು" ಎಂದ. ಕಟ್ಟಕಡೆಗೆ ಬಂದದ್ದು ಹೀಗೆ.

ಈ ವಾರ ಎರಡು ಕೆಲಸ ಆಗಿವೆ. ಅಣ್ಣ ನನ್ನ ಜೊತೆ ಆಟೋ ಹತ್ತಿ ಮಾಲೀಕನ ಮನೆಗೆ ಹೋಗಿ, ಟ್ರ್ಯಾಕ್ಟರಿನ ವಿಷಯ ಅವನೆದುರೇ ಹೇಳಿ ಬಂದ. (ಅವನು ಒಪ್ಪಲಿಲ್ಲ. ಒಪ್ಪಲಿ ಎಂದು ಅಣ್ಣ ಹೋಗಿರಲೂ ಇಲ್ಲ.) ಎರಡನೆಯದು, ಮೂರು ಗಾಲಿಯ ಸ್ಕೂಟರ್ ಯಾರು ಮಾಡಿಕೊಡುತ್ತಾರೆ ಎಂದು ವಿಚಾರಿಸುತ್ತಿದ್ದಾನೆ.

ನಿನ್ನೆ ಪಕ್ಕದ ಮನೆಯ ಹಿರಿಯರು ಬಂದಿದ್ದರು. ಸ್ಟೀರಿಂಗ್ ನೋಡಿ, "ಈ ವಯಸ್ಸಿನಾಗ ಮಕ್ಕಳಾಟ ಯಾಕ್ರಿ? ಆರಾಮ್ ರೆಸ್ಟ್ ತಗೊಳ್ರಿ," ಎಂದರು. ಅಣ್ಣ ಪಕ್ಕಕ್ಕೆ ಸರಿದು, "ಕುಂದ್ರಿ, ನೀವೂ ಒಂದ್ ರೌಂಡ್ ಹೊಡೀರಿ," ಎಂದ.

ನಿಮ್ಮ ಮನೆಯಲ್ಲೂ ಸುಮ್ಮನೆ ಕೂತವರೊಬ್ಬರು ಇರಬಹುದು. ರೆಸ್ಟ್ ಸಾಕಾಯಿತಾ ಎಂದು ಅವರನ್ನು ಕೇಳಿದ್ದೀರಾ?