ಅರ್ಧ ಮದ್ದಿನ ಫಿರಂಗಿ

ನಮ್ಮೂರಿನ ಕೊಳಾಯಿ ರಿಪೇರಿಯ ಮರ್ಲ್ ವೊಸ್‌ಬರ್ಗ್‌ಗೆ ಶನಿವಾರ ಬಂತೆಂದರೆ ಇನ್ನೊಂದು ಕೆಲಸ. ಕಾಲೇಜಿನ ಹುಡುಗರು ಚೆಂಡನ್ನು ಅವಚಿಕೊಂಡು ಎದುರಾಳಿಯ ಗೆರೆ ದಾಟಿ ಟಚ್‌ಡೌನ್ ಮಾಡಿದಾಗಲೆಲ್ಲ ಮೈದಾನದ ಮೂಲೆಯ ಹಳೇ ಫಿರಂಗಿಯನ್ನು ಅವನು ಹಾರಿಸಬೇಕು. ಗುಂಡಿಲ್ಲ, ಬರೀ ಎರಡು ಪೊಟ್ಟಣ ಮದ್ದು. ಅಷ್ಟಕ್ಕೇ ನನ್ನ ಹೋಟೆಲಿನ ತಟ್ಟೆಗಳೆಲ್ಲ ಗಡಗಡ ಎನ್ನುತ್ತವೆ.

ಮೈದಾನದ ಹಿಂದಿನ ಬೀದಿಯಲ್ಲೇ ಡೆಲ್ಬರ್ಟ್ ಹಾಗನ್ ಮನೆ. ಹೋದ ವರ್ಷದವರೆಗೂ ತಂಡದ ಕೋಚ್ ಅವನೇ. ಮರ್ಲ್‌ಗೆ ಶಾಲೆಯಿಂದಲೂ ಜೀವದ ಗೆಳೆಯ. ಡೆಲ್ಬರ್ಟ್ ಕೋಚ್ ಆಗಿದ್ದ ಕೊನೆಯ ವರ್ಷಗಳಲ್ಲಿ ಫಿರಂಗಿಗೆ ಕೆಲಸವೇ ಇರಲಿಲ್ಲ. ಒಳಗೆ ಗುಬ್ಬಿ ಸಂಸಾರ ಹೂಡಿದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಕೊನೆಗೆ ಕಾಲೇಜಿನವರು ಹಳೇ ಆಟಗಾರರನ್ನೆಲ್ಲ ಸೇರಿಸಿ, ಹಾಗನ್‌ನನ್ನು ಇಳಿಸಬೇಕು ಎನ್ನುವವರು ಕೈ ಎತ್ತಿ ಅಂದರು. ಒಂದು ಕಾಲಕ್ಕೆ ಅದೇ ತಂಡದಲ್ಲಿ ಆಡಿದ್ದ ಮರ್ಲ್ ಆಚೀಚೆ ನೋಡಿದ, ಆಮೇಲೆ ಎತ್ತಿದ. ಸಭೆಗೆ ಕಾಫಿ ಕೊಟ್ಟವಳು ನಾನು, ಕಣ್ಣಾರೆ ಕಂಡಿದ್ದೇನೆ. ಗೆಳೆಯನಿಗೆ ಮಾತ್ರ ಅವನು ಹೇಳಲಿಲ್ಲ.

ಹೊಸ ಕೋಚ್ ಟ್ರೆಂಟ್ ಕ್ವಿಗ್ಲಿ ಬಂದ. ಸದಾ ಚೂಯಿಂಗ್ ಗಮ್ ಜಗಿಯುವ, ಯಾರ ಹೆಸರೂ ನೆನಪಿಟ್ಟುಕೊಳ್ಳದ ಆಸಾಮಿ. ನನಗಂತೂ ಹಿಡಿಸಲಿಲ್ಲ. ಆದರೆ ತಂಡ ಗೆಲ್ಲತೊಡಗಿತು. ಒಂದೊಂದು ಶನಿವಾರ ಐದಾರು ಸಲ ಫಿರಂಗಿ ಹಾರಿತು, ಊರು ಕುಣಿಯಿತು. ಮರ್ಲ್ ಫಿರಂಗಿ ಹಾರಿಸುವ ಹಗ್ಗ ಎಳೆದವನೇ ಡೆಲ್ಬರ್ಟ್ ಮನೆಯ ಕಿಟಕಿಯತ್ತ ನೋಡುತ್ತಿದ್ದ. ಗೆದ್ದ ಖುಷಿ ಅವನ ಬಾಯಲ್ಲಿ ಬಿಸಿತುಪ್ಪವಾಗಿತ್ತು.

ಒಂದು ಮಧ್ಯಾಹ್ನ ಮರ್ಲ್, ಡೆಲ್ಬರ್ಟ್ ಇಬ್ಬರೂ ನನ್ನ ಹೋಟೆಲಿನಲ್ಲಿ ಕೂತಿದ್ದರು. ಅಂಚೆಯ ಓಲಿ ಬಂದವನು, ಮೂಲೆಯಲ್ಲಿದ್ದ ಡೆಲ್ಬರ್ಟ್‌ನನ್ನು ನೋಡದೆ, "ಹಳೇ ಕೋಚ್‌ನ ಇಳ್ಸಿದ್ರಲ್ಲ, ಆ ಪುಣ್ಯಾತ್ಮರಿಗೆಲ್ಲ ಒಂದೊಂದು ಆ್ಯಪಲ್ ಪೈ ಕೊಡಿಸ್ಬೇಕು ಕಣ್ರೀ" ಅಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮರ್ಲ್ ಕೈಯ ಚಮಚ ಕೆಳಗೆ ಬಿತ್ತು. ಡೆಲ್ಬರ್ಟ್ ಮಾತ್ರ ಸಿಹಿ ರೋಲನ್ನು ಚಿಲ್ಲಿಯ ಖಾರದ ಸಾರಿನಲ್ಲಿ ಅದ್ದುತ್ತ, "ನನ್ ಲೆಕ್ಕದಲ್ಲೂ ಒಂದು ಕೊಡ್ಸು ಓಲಿ" ಅಂದ.

ಆ ವಾರದಿಂದ ಮರ್ಲ್ ಒಂದೇ ಪೊಟ್ಟಣ ಮದ್ದು ಹಾಕತೊಡಗಿದ. ಯಾರೋ ಬಾಗಿಲು ಹಾಕಿಕೊಂಡಷ್ಟು ಸದ್ದು. ಗೆರೆ ದಾಟಿದ ಹುಡುಗರು ತಿರುಗಿ ನೋಡಿ ಪೆಚ್ಚಾಗುತ್ತಿದ್ದರು. ಕೇಳಿದವರಿಗೆಲ್ಲ ಮದ್ದು ಒದ್ದೆಯಾಗಿದೆ ಅನ್ನುತ್ತಿದ್ದ. ಗೆಳೆಯನ ಗಾಯಕ್ಕೆ ಉಪ್ಪು ಸವರಬಾರದು ಎಂಬುದಷ್ಟೇ ಅವನ ತಲೆಯಲ್ಲಿ.

ಊರಲ್ಲಿ ಆಡುವ ಕೊನೆಯ ಪಂದ್ಯಕ್ಕೆ ಡೆಲ್ಬರ್ಟ್ ಬಂದ, ಆ ವರ್ಷ ಅದೇ ಮೊದಲು. ನೇರ ಫಿರಂಗಿಯ ಹತ್ತಿರ ಬಂದು ನಿಂತ. ನಾನು ಪಕ್ಕದಲ್ಲೇ ಕಾಫಿ ಮಾರುತ್ತಿದ್ದೆ.

"ಏನೋ ಮರ್ಲ್, ಮದ್ದು ಅರ್ಧಕ್ಕಿಳ್ಸಿದ್ದೀಯಂತೆ?"

"ಒದ್ದೆ ಆಗಿದೆ ಕಣೋ."

"ಸುಳ್ಳು ಹೇಳ್ಬೇಡ. ನಂಗೆ ಕೇಳಿಸ್ಬಾರ್ದು ಅಂತ ತಾನೆ?"

ಮರ್ಲ್ ಬಗ್ಗಿ ಫಿರಂಗಿಗೆ ಒಂದು ಪೊಟ್ಟಣ ಮದ್ದು ಹಾಕಿದ.

"ಈ ಹುಡುಗ್ರನ್ನ ಮನೆಮನೆಗೆ ಹೋಗಿ, ಅವ್ರ ಅಮ್ಮಂದ್ರ ಹತ್ರ ಕೂತು ಮಾತಾಡಿ ಕರ್ಕೊಂಡು ಬಂದೋನು ನಾನು. ಅಡುಗೆಮನೇಲಿ ಕೂತು ಅವ್ರಿಗೆ ಹಾರೋ ಫಿರಂಗಿ ಸದ್ದು ಕೇಳ್ತಿದ್ದೆ. ಅದೊಂದೇ ನಂಗೆ ಉಳ್ದಿದ್ದು. ಅದನ್ನೂ ಅರ್ಧ ಮಾಡ್ಬಿಟ್ಯಲ್ಲೋ."

"ಡೆಲ್, ಆವತ್ತು ಸಭೇಲಿ ನಾನು..."

"ಕೈ ಎತ್ತಿದೆ. ಮಾರನೇ ದಿನಾನೇ ಗೊತ್ತಾಯ್ತು. ನೀನೇ ಬಂದು ಹೇಳ್ತೀಯ ಅಂತ ಇಷ್ಟು ದಿನ ಕಾದೆ."

ಮರ್ಲ್‌ಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿರಬೇಕು. ಅಷ್ಟರಲ್ಲಿ ಜನ ಎದ್ದು ಕೂಗಿದರು, ಟಚ್‌ಡೌನ್. ಮರ್ಲ್ ಎರಡನೇ ಪೊಟ್ಟಣವನ್ನೂ ತುರುಕಿ, ಹಗ್ಗವನ್ನು ಡೆಲ್ಬರ್ಟ್‌ನತ್ತ ಚಾಚಿದ.

"ನೀನೇ ಎಳಿಯೋ. ನನ್ ಕೈಲಾಗಲ್ಲ."

ಡೆಲ್ಬರ್ಟ್ ಜೇಬಿನಿಂದ ಕೈ ತೆಗೆಯಲಿಲ್ಲ.

"ಎತ್ತಿದ್ದು ನಿನ್ ಕೈ. ಎಳಿಯೋದೂ ನಿನ್ ಕೈಯೇ."

ಮರ್ಲ್ ಎಳೆದ. ಕಾಫಿಯ ಲೋಟಗಳು ಉರುಳಿಬಿದ್ದವು. ಆಮೇಲೆ ಡೆಲ್ಬರ್ಟ್ ಜೇಬಿನಿಂದ ಕೈ ತೆಗೆದು ಹುಡುಗರಿಗೆ ಚಪ್ಪಾಳೆ ತಟ್ಟಿದ, ಬಹಳ ಹೊತ್ತು ತಟ್ಟಿದ. ಮರ್ಲ್ ಕಡೆ ತಿರುಗಿ ನೋಡಲಿಲ್ಲ.