ಟ್ಯಾಂಕರ್ ಅಣ್ಣನನ್ನು ಕೇಳಿ ಬರೆದ ಪ್ರಾಜೆಕ್ಟ್

ಲಗ್ಗೆರೆಯ ನಮ್ಮ ಶಾಲೆಯ ಲೈಬ್ರರಿಯಲ್ಲಿ ಏಳನೇ ಕ್ಲಾಸಿನ ಮಕ್ಕಳಿಗೆ ಮಾಹಿತಿ ಹುಡುಕುವುದನ್ನು ಕಲಿಸುವ ಕೆಲಸ ನನ್ನದು. 'ನಿಮ್ಮ ಬೀದಿಗೆ ನೀರು ಎಲ್ಲಿಂದ ಬರುತ್ತದೆ?' ಎಂದು ಒಮ್ಮೆ ಪ್ರಾಜೆಕ್ಟ್ ಕೊಟ್ಟೆ. ಯಾರಿಂದ ತಿಳಿಯಿತು ಎಂಬುದನ್ನೂ ಕೆಳಗೆ ಬರೆಯಬೇಕಿತ್ತು.

ಮಕ್ಕಳೆಲ್ಲ ಜೆರಾಕ್ಸ್ ಅಂಗಡಿಯಿಂದ ಒಂದೇ ಥರದ ಕಾಗದ ತಂದರು. ಅದರಲ್ಲಿ ತಲಕಾವೇರಿಯ ಬಣ್ಣದ ಚಿತ್ರವಿತ್ತು. ಒಬ್ಬ ಹುಡುಗಿ ಮಾತ್ರ ಕೈಯಲ್ಲಿ ಬರೆದಿದ್ದಳು: 'ನಮ್ಮ ಬೀದಿಗೆ ಬರುವುದು ಟ್ಯಾಂಕರ್ ನೀರು. ಅದನ್ನು ಗೋಡೌನ್ ಹಿಂದಿನ ಬೋರ್‌ವೆಲ್‌ನಿಂದ ತುಂಬುತ್ತಾರೆ. ಹೇಳಿದವರು: ಟ್ಯಾಂಕರ್ ಓಡಿಸುವ ಅಣ್ಣ.'

ನಾನು ಸಂತೋಷದಿಂದ ಹತ್ತಕ್ಕೆ ಹತ್ತು ಕೊಟ್ಟೆ. ಲೈಬ್ರರಿಗೆ ಬಂದ ಹೆಡ್‌ಮಾಸ್ಟರು ಅದನ್ನು ಹೊಡೆದುಹಾಕಿ 3 ಎಂದು ಬರೆದರು.

"ಡ್ರೈವರ್ ಮಾತೆಲ್ಲ ಆಧಾರ ಆಗುತ್ತೇನ್ರೀ ಮೇಡಂ? ನಾಳೆ ಪಾನಿಪುರಿಯವನನ್ನ ಕೇಳ್ಕೊಂಡು ಬರ್ತಾರೆ!"

ಹುಡುಗಿಯ ಕಣ್ಣು ತುಂಬಿತು. ಅಷ್ಟರಲ್ಲಿ ಆಯಾ ಓಡಿಬಂದು, "ಸಾರ್, ಸಂಪಲ್ಲಿ ನೀರು ಖಾಲಿ!" ಎಂದಳು.

ಹೆಡ್‌ಮಾಸ್ಟರು ಗಡಿಬಿಡಿಯಿಂದ ಫೋನ್ ಹಚ್ಚಿದರು. "ಅಣ್ಣಾ, ಟ್ಯಾಂಕರ್ ಎಷ್ಟೊತ್ತಿಗೆ ಬರುತ್ತೆ? ಹನ್ನೊಂದಕ್ಕಾ? ನೀನು ಹೇಳಿದ್ಮೇಲೆ ಮುಗೀತು ಬಿಡು."

ಹುಡುಗಿ ಮೂಗೊರೆಸಿಕೊಂಡು ಕೇಳಿದಳು: "ಸಾರ್, ಅದೇ ಅಣ್ಣನಾ?"

ಹೆಡ್‌ಮಾಸ್ಟರು ಕೆಂಪು ಪೆನ್ನಿನಿಂದ ಆ 3ರ ಬಾಯಿ ಮುಚ್ಚಿ 8 ಮಾಡಿದರು. ಉಳಿದ ಎರಡು ಅಂಕ ಅವರ ಮರ್ಯಾದೆಗೆ ಬೇಕಿತ್ತು.